ಜನರ ಸಭೆ ಮುಗಿದ ಮೇಲೆ ಯೋಜಕರು ಕೂತು ಮಾತಾಡಬೇಕಾದದ್ದು

"ಜನ ಬರೋದೇ ಇಲ್ಲ", "ಬಂದವರೂ ಬರೀ ಜಗಳ ಆಡ್ತಾರೆ". ಸಾರ್ವಜನಿಕ ಸಹಭಾಗಿತ್ವದ ಬಗ್ಗೆ ನಗರ ಯೋಜಕರು ಮಾತಿಗೆ ಕೂತರೆ ಸ್ವಲ್ಪ ಹೊತ್ತಿಗೇ ಚರ್ಚೆ ಇಲ್ಲಿಗೆ ಬಂದು ನಿಲ್ಲುತ್ತದೆ. ಅಭಿಪ್ರಾಯದಿಂದ ಶುರು ಮಾಡಿದ್ದರ ಫಲ ಅದು. ನಿಜವಾಗಿ ನಡೆದ ಒಂದು ಸಭೆಯಿಂದ, ಅದರ ಒಂದು ಗಳಿಗೆಯಿಂದ ಶುರು ಮಾಡಬೇಕು.

ಇಂಥ ಚರ್ಚೆಗೆ 6ರಿಂದ 8 ಜನ ಯೋಜಕರು, ಒಂದೂವರೆ ಗಂಟೆ, ಒಂದೇ ಪ್ರಕರಣ, ಅಂದರೆ ಅವರಲ್ಲೊಬ್ಬರು ನಡೆಸಿದ ಒಂದು ಜನರ ಸಭೆ. ಪ್ರಕರಣ ತರುವವರು ಪ್ರಕಟಣೆಯ ಪ್ರತಿ, ಸಭೆಯಲ್ಲಿ ತೋರಿಸಿದ ನಕ್ಷೆ, ನಡಾವಳಿ ಮೂರನ್ನೂ ತರಲಿ. ನೆನಪನ್ನಷ್ಟೇ ನೆಚ್ಚಿಕೊಂಡರೆ ಕಥೆ ಹೇಳುವವರ ಪರವಾಗಿಯೇ ವಾಲುತ್ತದೆ. 15 ನಿಮಿಷ ಅವರು ನಡೆದದ್ದನ್ನು ಹೇಳುತ್ತಾರೆ. ಇನ್ನು 15 ನಿಮಿಷ ಉಳಿದವರು ವಿವರವನ್ನಷ್ಟೇ ಕೇಳುತ್ತಾರೆ: ಕುರ್ಚಿ ಹೇಗೆ ಹಾಕಿದ್ದಿರಿ? ಮೊದಲು ಎದ್ದು ನಿಂತವರು ಯಾರು? ನೀವೇನಂದಿರಿ? "ಹೀಗೆ ಮಾಡಬಹುದಿತ್ತಲ್ಲ" ಎನ್ನುವುದು ಉಪದೇಶ. ನಡೆಸಿಕೊಡುವವರು ಅದನ್ನು ಅಲ್ಲೇ ತಡೆಯಬೇಕು. ಆಮೇಲಿನ 30 ನಿಮಿಷ ಗುಂಪು ಚರ್ಚಿಸುತ್ತದೆ, ಪ್ರಕರಣ ತಂದವರು ಬಾಯಿ ಬಿಡುವಂತಿಲ್ಲ. ತುಂಬಾ ಕಷ್ಟದ ಅರ್ಧ ಗಂಟೆ ಅದು. ಆದರೆ ಮಧ್ಯೆ ಬಾಯಿ ಹಾಕಲು ಬಿಟ್ಟರೆ ಅವರು ಸಮಜಾಯಿಷಿಗೇ ಇಳಿಯುತ್ತಾರೆ. ಕೊನೆಯ 30 ನಿಮಿಷ ಅವರದು.

ರಸ್ತೆ ಅಗಲೀಕರಣದ ಸಭೆ ಎಂದುಕೊಳ್ಳಿ. ಒಬ್ಬರು "ಮಳೆನೀರು ಎಲ್ಲಿಗೆ ಹೋಗುತ್ತೆ?" ಎನ್ನುತ್ತಾರೆ. "ಅದು ನಮ್ಮ ವಿಭಾಗಕ್ಕೆ ಬರಲ್ಲ" ಎಂಬ ಉತ್ತರ ಸಿಗುತ್ತದೆ. ನಡಾವಳಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಇಡೀ ಚರ್ಚೆ ಇದರ ಮೇಲೆಯೇ ನಡೆದರೂ ನಷ್ಟವಿಲ್ಲ. ಗೊತ್ತಿಲ್ಲ ಎನ್ನಲು ಅಂಜಿಕೆಯೇ? ನಕ್ಷೆ ಆಗಲೇ ಅಂತಿಮವಾಗಿತ್ತೇ? ಪ್ರಶ್ನೆಯನ್ನು ಬರೆದುಕೊಳ್ಳಬೇಕಾದವರು ಯಾರು?

ಜನರ ಸಹಭಾಗಿತ್ವ ಯಾವ ಮಟ್ಟದ್ದು ಎಂದು ನೋಡಲು 1969ರಲ್ಲಿ ಅಮೆರಿಕದ ಶೆರಿ ಆರ್ನ್‌ಸ್ಟೀನ್ ಕೊಟ್ಟ ಎಂಟು ಮೆಟ್ಟಿಲುಗಳ ಏಣಿ ಇಲ್ಲಿ ನೆರವಿಗೆ ಬರುತ್ತದೆ. ಮೇಲೇರಿದಷ್ಟೂ ನಿರ್ಧಾರದಲ್ಲಿ ಜನರ ಪಾಲು ಹೆಚ್ಚು. ಮಾಹಿತಿ ಕೊಡುವುದು ಮೂರನೆಯ ಮೆಟ್ಟಿಲು, ಅಭಿಪ್ರಾಯ ಕೇಳುವುದು ನಾಲ್ಕನೆಯದು, ಪಾಲುದಾರಿಕೆ ಆರನೆಯದು. ಪ್ರಕಟಣೆ ಯಾವ ಮೆಟ್ಟಿಲಿನ ಭರವಸೆ ಕೊಟ್ಟಿತ್ತು, ಸಭೆ ಯಾವುದರಲ್ಲಿ ನಡೆಯಿತು ಎಂದು ಪಕ್ಕಪಕ್ಕ ಇಟ್ಟು ನೋಡಿ. ಜನರ ಸಿಟ್ಟು ಎಷ್ಟೋ ಸಲ ಈ ಅಂತರದಲ್ಲೇ ಹುಟ್ಟಿರುತ್ತದೆ. ಆದರೆ ಸಹೋದ್ಯೋಗಿಗೆ ಅಂಕ ಕೊಡಲು ಏಣಿಯನ್ನು ಬಳಸಬೇಡಿ. ಬಳಸಿದರೆ ಮುಂದಿನ ಸಲ ಯಾರೂ ಪ್ರಕರಣ ತರುವುದಿಲ್ಲ. ಮೇಲಧಿಕಾರಿ ಕೂತಿದ್ದರೂ ಅಷ್ಟೇ, ಎಲ್ಲರೂ ಯಶಸ್ಸಿನ ಕಥೆಯನ್ನೇ ತರುತ್ತಾರೆ. ಅವರು ಬರಲೇಬೇಕಿದ್ದರೆ ಮೊದಲ ಪ್ರಕರಣ ಅವರದೇ ಆಗಲಿ.

ಏಳುವ ಮುಂಚೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಬಂದ ಆಕ್ಷೇಪಣೆ, ಅದರಿಂದ ನಕ್ಷೆಯಲ್ಲಾದ ಬದಲಾವಣೆ, ಬದಲಾಗದಿದ್ದರೆ ಕಾರಣ. ಎರಡನೆಯದೂ ಮೂರನೆಯದೂ ಖಾಲಿ ಉಳಿದ ಸಾಲುಗಳಿಗೆ ಯಾರು, ಯಾವ ದಿನದೊಳಗೆ ಉತ್ತರ ಬರೆಯುತ್ತಾರೆ ಎಂದು ಅಲ್ಲೇ ಗೊತ್ತು ಮಾಡಿ.