ಸೇತುವೆ ಆಯ್ತು ಕಣೇ

2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಪನ್ ಆದಾಗಿಂದ ಫೇಸ್‌ಬುಕ್ಕಲ್ಲಿ ಒಂದೇ ಗೋಳು, ಅಯ್ಯೋ ಲಾಂಚ್ ಮಜಾ ಹೋಯ್ತು, ಸಿಗಂದೂರಿಗೆ ಹೋಗೋ ಖುಷಿನೇ ಹೋಯ್ತು ಅಂತ. ವರ್ಷಕ್ಕೊಂದ್ಸಲ ಬಂದು ಸೆಲ್ಫಿ ಹೊಡ್ಕೊಂಡು ಹೋಗೋರಿಗೆ ಹಾಗೇ ಅನ್ಸೋದು ಬಿಡಿ. ಲಿಂಗನಮಕ್ಕಿ ಡ್ಯಾಮಿನ ಹಿನ್ನೀರು ನಿಂತ ಮೇಲೆ ತುಮರಿ ಕಡೆಯ ನಮಗೆ ಸಾಗರ ಪೇಟೆ ಅಂದ್ರೆ ನೀರಿನ ಆಚೆ, ಬಸ್ಸು, ಜನ ಎಲ್ಲಾ ಹತ್ತಿಸ್ಕೊಂಡು ನೀರು ದಾಟಿಸೋ ಲಾಂಚ್ ಸಂಜೆ ಕೊನೇದು ತಪ್ತು ಅಂದ್ರೆ ಮುಗೀತು ಕತೆ. ಆದ್ರೂ ನಿಜ ಹೇಳ್ತೀನಿ, ಲಾಂಚ್ ಹೋಗಿದ್ದಕ್ಕೆ ನಂಗೂ ಹೊಟ್ಟೆ ಉರಿದಿದೆ, ಕಾರಣ ಮಾತ್ರ ಬೇರೆ.

ಅವಳ ಮನೆ ನಮ್ಮ ತೋಟ ದಾಟಿದ್ರೆ ಸಿಗ್ತಿತ್ತು. ಒಂದನೇ ಕ್ಲಾಸಿಂದ ಒಟ್ಟಿಗೆ ಓದಿದ್ವಿ, ಒಟ್ಟಿಗೆ ಕೌಳಿಹಣ್ಣು ಕಿತ್ವಿ, ಅಡಿಕೆ ಸುಲಿಯೋ ಸೀಸನ್ನಲ್ಲಿ ಮೆಟ್ಟುಗತ್ತಿ ಮುಂದೆ ಕೂತ್ರೆ ನಾನು ಒಂದು ಡಬ್ಬ ತುಂಬೋಷ್ಟರಲ್ಲಿ ಅವಳದ್ದು ಎರಡಾಗಿ, "ನೀನು ಸುಲೀತಿದ್ಯೋ ಅಡಿಕೆಗೆ ಮಸಾಜ್ ಮಾಡ್ತಿದ್ಯೋ" ಅಂತ ಎಲ್ಲರ ಮುಂದೆ ಮಾನ ತೆಗೀತಿದ್ಲು. ಪಿಯುಸಿಗೆ ಸಾಗರಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ದಿನಾ ಲಾಂಚು. ಬಸ್ಸಿಂದ ಇಳಿದು ಕಂಬಿ ಹತ್ರ ನಿಲ್ಲೋಳು, ಜಡೆ ಗಾಳಿಗೆ ಹಾರಿ ನನ್ನ ಮುಖಕ್ಕೆ ಹೊಡೆಯೋದು, ನಾನು ಬೇಕಂತಲೇ ಸರೀತಿರಲಿಲ್ಲ. ಅಷ್ಟೇ ಲವ್ ಸ್ಟೋರಿ. ಯಾರೂ ಯಾರಿಗೂ ಏನೂ ಹೇಳಿಲ್ಲ.

ಎರಡನೇ ಪಿಯುಸಿ ಫೆಬ್ರವರಿಯಲ್ಲಿ ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿವೆ ಅಂತ ಸುದ್ದಿ ಬಂತು. ನಮ್ಮ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳೋದೇನೂ ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಇದು, ಹರಡೋದು ಉಣುಗಿಂದ, ಅಂದ್ರೆ ರಕ್ತ ಹೀರೋ ಉಣ್ಣೆಯಿಂದ, ರಾಗಿ ಕಾಳಿಗಿಂತ ಸಣ್ಣ ಮರಿ ಉಣುಗು ಕಾಡಿನ ಒಣ ಎಲೆ, ಅದೇ ದರಗಿನ ಮೇಲಿದ್ರೆ ಕಣ್ಣಿಗೂ ಕಾಣಲ್ಲ. ಹಂಗಂತ ಕೊಟ್ಟಿಗೆಗೆ ದರಗು ತರದೇ ಇರೋಕಾಗತ್ತಾ? ಆರೋಗ್ಯ ಇಲಾಖೆಯವರು ಕೊಟ್ಟ ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡಿಎಂಪಿ ಎಣ್ಣೆ ಹಚ್ಕೊಂಡು ಎಲ್ಲರ ಮನೆಯವರೂ ಹೋಗ್ತಿದ್ರು, ಅವಳೂ ಹೋದ್ಲು.

ಮೊದಲು ಜ್ವರ, ತಲೆನೋವು, ಕಣ್ಣು ಕೆಂಪಗೆ. ಒಂದು ವಾರಕ್ಕೆ ಜ್ವರ ಬಿಡ್ತು, ಗಂಜಿ ಕುಡಿದು ಎದ್ದು ಕೂತ್ಲು, ನಾನು ಕೊಟ್ಟ ಫಿಸಿಕ್ಸ್ ನೋಟ್ಸ್ ನೋಡಿ "ಕೋಳಿ ಕೆದರಿದ ಹಾಗಿದೆ" ಅಂತ ನಗಾಡಿದ್ಲು. ಈ ಕಾಯಿಲೆ ಕೆಲವರಿಗೆ ಹಾಗೆ ಬಿಟ್ಟು ಮತ್ತೆ ಬರತ್ತಂತೆ, ಎರಡನೇ ಸಲ ಬಂದಾಗ ತಲೆಗೇ ಹೋಗತ್ತೆ. ಅವಳಿಗೆ ಬಂದಿದ್ದು ರಾತ್ರಿ, ಅಮ್ಮನ ಗುರುತೂ ಸಿಗದ ಹಾಗೆ ಏನೇನೋ ಮಾತಾಡ್ತಿದ್ಲಂತೆ, ಲಾಂಚ್ ಇಲ್ಲ, ಜೀಪ್ ಮಾಡ್ಕೊಂಡು ಕೊಲ್ಲೂರು ಘಾಟಿ ಇಳಿದು ಕುಂದಾಪುರದ ಕಡೆ ಹೋದ್ರು. ಮೂರನೇ ದಿನ ವಾಪಸ್ ತಂದ್ರು.

ಸೇತುವೆ ಇದ್ದಿದ್ರೆ ಉಳೀತಿದ್ಲು ಅಂತ ಅವರಮ್ಮ ಇವತ್ತಿಗೂ ಅಂತಾರೆ. ನಂಗೆ ಹಾಗನ್ಸಲ್ಲ. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯ್ತಾರೆ, ಇದಕ್ಕೇ ಅಂತ ಔಷಧಿ ಇವತ್ತಿಗೂ ಇಲ್ಲ, ಡ್ರಿಪ್ ಹಾಕಿ ಕಾಯೋದೇ. ಆದ್ರೆ ಇದನ್ನ ಅವರಿಗೆ ಯಾಕೆ ಹೇಳ್ಲಿ, ಸೇತುವೆ ಮೇಲೆ ಸಿಟ್ಟಿದ್ರೆ ಇರ್ಲಿ, ದೇವರ ಮೇಲೆ ಸಿಟ್ಟು ಮಾಡ್ಕೊಳೋದಕ್ಕಿಂತ ವಾಸಿ.

ಮೊನ್ನೆ ಅವರ ಮಂಡಿನೋವಿಗೆ ಸಾಗರಕ್ಕೆ ಡಾಕ್ಟ್ರ ಹತ್ರ ಕರ್ಕೊಂಡು ಹೊರಟಿದ್ದೆ. ಸೇತುವೆ ಮೇಲೆ ಗಾಡಿ ಬಂದಾಗ ಗ್ಲಾಸ್ ಇಳಿಸು ಅಂದ್ರು, ಇಳಿಸ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನೀನು ಅವಳ ಹಿಂದೆ ತಿರುಗ್ತಿದ್ದಿದ್ದು ನಂಗೆ ಗೊತ್ತಿತ್ತು ಮಾರಾಯ" ಅಂದ್ರು. ನಂಗೆ ಸ್ಟೇರಿಂಗ್ ಹಿಡಿಯೋಕೇ ಆಗ್ಲಿಲ್ಲ. "ಅವಳಿಗೆ ಗೊತ್ತಿತ್ತಾ ಅತ್ತೆ" ಅಂತ ಕೇಳ್ದೆ. "ಗೊತ್ತಿಲ್ದೇ ಏನು, ಮನೇಲಿ ನಿನ್ನ ನಡಿಗೆ ಆಕ್ಟ್ ಮಾಡಿ ತೋರಿಸ್ತಿದ್ಲು" ಅಂತ ನಕ್ಕು, ಆಮೇಲೆ ಪೇಟೆ ಬರೋವರೆಗೂ ನಾನು ಇನ್ನೂ ಮದುವೆ ಆಗದೇ ಇರೋದಕ್ಕೆ ಬೈದ್ರು.