ಅಮ್ಮನಿಗೆ ಪುಷ್ಯ ನಕ್ಷತ್ರ ತೋರಿಸಿದ ರಾತ್ರಿ

ನಮ್ಮಮ್ಮನದು ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ. ಅರ್ಚನೆ ಮಾಡಿಸುವಾಗಲೆಲ್ಲ ಹೇಳುತ್ತಾರೆ. 2024ರ ಶಿವರಾತ್ರಿಯ ದಿನ ದೇವಸ್ಥಾನದಿಂದ ವಾಪಸ್ ಬರುವಾಗ ಇದ್ದಕ್ಕಿದ್ದಂತೆ ಕೇಳಿದರು.

"ಅಷ್ಟು ದುಡ್ಡು ಕೊಟ್ಟು ಟೆಲಿಸ್ಕೋಪ್ ತಂದಿದೀಯಲ್ಲ, ನನ್ನ ನಕ್ಷತ್ರ ಅದರಲ್ಲಿ ಕಾಣುತ್ತೇನೋ? ಎಪ್ಪತ್ತೆರಡು ವರ್ಷ ಆಯ್ತು, ಬರೀ ಹೆಸರು ಹೇಳ್ಕೊಂಡೇ ಬಂದಿದೀನಿ."

ಮರುದಿನ ಶನಿವಾರ, ಮಾರ್ಚ್ 9. ಅಮಾವಾಸ್ಯೆಗೆ ಒಂದೇ ದಿನ ಬಾಕಿ, ಚಂದ್ರನ ಬೆಳಕಿನ ತೊಂದರೆ ಇಲ್ಲ. ರಾತ್ರಿ ಊಟ ಮಾಡಿ ಮೇಲೆ ಹೋಗೋಣ ಅಂದೆ.

ನನ್ನದು ಚಿಕ್ಕ ಟೆಲಿಸ್ಕೋಪ್. 130 ಮಿ.ಮೀ. ಕನ್ನಡಿ, ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ) 650 ಮಿ.ಮೀ. ಮೇಜಿನ ಮೇಲೆ ಇಡುವಂಥದ್ದು. ಮೇಜಾದರೆ ಅಲ್ಲಾಡುತ್ತದೆ ಅಂತ ತಾರಸಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡುತ್ತೇನೆ. ಕಲ್ಲು ಮಿಸುಕುವುದಿಲ್ಲ.

ಪುಷ್ಯದ ನಕ್ಷತ್ರಗಳು ಮೊದಲೇ ಮಂಕು. ಬೆಂಗಳೂರು ಗಿರಿನಗರದ ನಮ್ಮ ತಾರಸಿಯಿಂದ ಬರಿಗಣ್ಣಿಗೆ ಒಂದೂ ಸಿಗುವುದಿಲ್ಲ. ಈ ಕಡೆ ಪುನರ್ವಸುವಿನ ಜೋಡಿ ಕಾಣುತ್ತದೆ, ಆ ಕಡೆ ಮಘಾ ಕಾಣುತ್ತದೆ. ನಡುವೆ ಬರೀ ಬೂದು. ಗುರಿ ಹಿಡಿಯಲು ಟೆಲಿಸ್ಕೋಪ್ ಜೊತೆ ಬಂದ ರೆಡ್ ಡಾಟ್ ಫೈಂಡರ್ ಇಂಥ ಕಡೆಯೇ ಕೈಕೊಡುತ್ತದೆ. ಅದು ಏನನ್ನೂ ದೊಡ್ಡದು ಮಾಡುವುದಿಲ್ಲ. ನೀವು ನೋಡುತ್ತಿರುವ ಆಕಾಶದ ಮೇಲೆ ಒಂದು ಕೆಂಪು ಚುಕ್ಕಿ ಇಟ್ಟು ತೋರಿಸುತ್ತದೆ, ಅಷ್ಟೆ. ಕತ್ತಲೆ ಇರುವ ಊರಲ್ಲಿ ಅದು ಧಾರಾಳ ಸಾಕು. ಬೆಂಗಳೂರಲ್ಲಿ ಚುಕ್ಕಿ ಇಡೋಣ ಅಂದರೆ ಅಲ್ಲಿ ನಕ್ಷತ್ರವೇ ಇರುವುದಿಲ್ಲ.

ಇನ್ನೊಂದು ಕಷ್ಟ ಕತ್ತಿನದು. ನಮ್ಮ ಊರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕೃತ್ತಿಕಾ, ಪುಷ್ಯ, ಮಘಾ ಎಲ್ಲ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತವೆ. ಟೆಲಿಸ್ಕೋಪ್ ನೆಟ್ಟಗೆ ಮೇಲಕ್ಕೆ ತಿರುಗಿದಾಗ ನೇರ ನೋಡುವ ಫೈಂಡರ್ ಯಾವುದೇ ಆಗಲಿ, ಮಂಡಿಯೂರಿ ಕೊಳವೆ ಪಕ್ಕ ತಲೆ ತೂರಿಸಿ ಮೇಲೆ ನೋಡಬೇಕು. ಒಂದು ಚಳಿಗಾಲ ಹಾಗೆ ನೋಡಿ ಕತ್ತು ಹಿಡಿದುಕೊಂಡ ಮೇಲೆ ಆರು ಪಟ್ಟು ದೊಡ್ಡದಾಗಿ ತೋರಿಸುವ, 30 ಮಿ.ಮೀ. ಲೆನ್ಸಿನ ಪಕ್ಕದಿಂದಲೇ ಕಣ್ಣಿಟ್ಟು ನೋಡಬಹುದಾದ ರೈಟ್ ಆ್ಯಂಗಲ್ ಫೈಂಡರ್ ತೆಗೆದುಕೊಂಡೆ. ಅದರಲ್ಲೂ ಚಿತ್ರ ತಲೆಕೆಳಗಾಗದೆ, ಎಡಬಲ ಅದಲುಬದಲಾಗದೆ ಕಾಣುವಂಥದ್ದು. ಆಗಲೇ ನಕ್ಷೆಗೂ ಕಣ್ಣಿಗೂ ತಾಳೆಯಾಗುವುದು. ನಗರದಲ್ಲಿ ಆಕಾಶ ನೋಡುವವರು ಮೊದಲ ದುಡ್ಡು ಇದಕ್ಕೇ ಹಾಕಬೇಕು ಅಂತ ನನಗನ್ನಿಸುತ್ತದೆ.

ನಾನು ಹಾಕಿದ್ದು ಬೇರೆಯದಕ್ಕೆ. ಮೊದಲ ವರ್ಷವೇ 4 ಮಿ.ಮೀ. ಫೋಕಲ್ ಲೆಂತ್‌ನ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸು) ಒಂದನ್ನು ತಂದಿದ್ದೆ. 650ನ್ನು 4ರಿಂದ ಭಾಗಿಸಿದರೆ 162 ಪಟ್ಟು! ಶನಿಯ ಬಳೆ ನೋಡಿದರೆ ಬಿಸಿ ಎಣ್ಣೆಯ ತಳದಲ್ಲಿರುವ ಹಾಗೆ ನಡುಗುತ್ತಿತ್ತು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಿಸಿ ಬಿಡುತ್ತಿರುತ್ತದಲ್ಲ, ಆ ಗಾಳಿಯಲ್ಲಿ ನಮ್ಮ ತಾರಸಿಯಿಂದ ಅಷ್ಟು ಪಟ್ಟು ದಕ್ಕುವುದು ಅಪರೂಪ. ಅದರ ಕಣ್ಣಿನ ಗಾಜು ಬೇರೆ ಉದ್ದಿನ ಕಾಳಿನಷ್ಟು. ರೆಪ್ಪೆ ತಾಗುತ್ತಿತ್ತು.

ಒಂಬತ್ತೂವರೆಗೆ ಅಮ್ಮ ಶಾಲು ಹೊದ್ದು ಮೇಲೆ ಬಂದರು. ದೂರದ ಮೊಬೈಲ್ ಟವರಿನ ಕೆಂಪು ದೀಪಕ್ಕೆ ಟೆಲಿಸ್ಕೋಪನ್ನೂ ಫೈಂಡರನ್ನೂ ಸರಿಹೊಂದಿಸಿ ಇಟ್ಟಿದ್ದೆ. ಪಕ್ಕದ ಮನೆ ಆಂಟಿಗೆ ಹೇಳಿ ಅವರ ತಾರಸಿ ಲೈಟೂ ಆರಿಸಿದ್ದಾಯ್ತು. ಪುನರ್ವಸುವಿನಿಂದ ಹೊರಟು ಮಘಾ ಕಡೆಗೆ ನಿಧಾನವಾಗಿ ಸರಿಸಿದೆ. ಅರ್ಧ ದಾರಿಗಿಂತ ಸ್ವಲ್ಪ ಮೊದಲೇ ಫೈಂಡರಿನೊಳಗೆ ರಾಗಿ ಚೆಲ್ಲಿದ ಹಾಗೆ ಒಂದು ಗುಂಪು ಬಂತು. ಅದರ ಪಕ್ಕದಲ್ಲಿ ಎರಡು ನಕ್ಷತ್ರ, ಪುಷ್ಯದವು. ಆ ಗುಂಪೇ ಮೆಸಿಯೆ 44, ಅಂದರೆ ಖಗೋಳಜ್ಞ ಮೆಸಿಯೆಯ ಪಟ್ಟಿಯಲ್ಲಿ 44ನೆಯದು; ಜೇನುಗೂಡು ಅನ್ನುತ್ತಾರೆ. ನಮ್ಮಿಂದ ಸುಮಾರು 600 ಜ್ಯೋತಿರ್ವರ್ಷ ದೂರ.

ಇದು ಒಂದೂವರೆ ಡಿಗ್ರಿ ಅಗಲ. ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. 10 ಮಿ.ಮೀ. ಐಪೀಸ್‌ನಲ್ಲಿ ನೋಡಿದರೆ ಅರ್ಧ ಗೂಡು ಹೊರಗೇ ಉಳಿಯುತ್ತದೆ. ನನ್ನ ಕಣ್ಣಿಗೆ 25 ಮಿ.ಮೀ. ಪ್ಲೋಸಲ್ಲೇ (ಅದೊಂದು ಬಗೆಯ ಐಪೀಸ್) ಇಷ್ಟ. 26 ಪಟ್ಟು, ಗುಂಪು ಪೂರ್ತಿ ಒಳಗೆ, ಹಿಂದಿನ ಆಕಾಶವೂ ಸಾಕಷ್ಟು ಕಪ್ಪು. ಅದನ್ನೇ ಹಾಕಿ ಅಮ್ಮನನ್ನು ಕರೆದೆ.

"ಏನೂ ಕಾಣ್ತಿಲ್ಲ ಕಣೋ. ಕನ್ನಡಕ ತಗುಲ್ತಿದೆ."

ಕನ್ನಡಕ ತೆಗೆದು ನೋಡಿದರು. ಪ್ರತಿ ನಕ್ಷತ್ರಕ್ಕೂ ಬಾಲ ಬಂದಿದೆ ಅಂದರು. ಅವರಿಗಿರುವುದು ಸಿಲಿಂಡ್ರಿಕಲ್ ಪವರ್. ಬರೀ ದೂರದ್ದೋ ಹತ್ತಿರದ್ದೋ ಪವರ್ ಆಗಿದ್ದರೆ ಫೋಕಸ್ ತಿರುಗಿಸಿ ಸರಿಮಾಡಬಹುದಿತ್ತು. ಸಿಲಿಂಡ್ರಿಕಲ್ ಪವರಿಗೆ ಅದು ಆಗುವುದಿಲ್ಲ. ಜಾಸ್ತಿ ಪಟ್ಟು ಇಟ್ಟು ಗುರುಗ್ರಹ ನೋಡುವಾಗ ಐಪೀಸಿನಿಂದ ಹೊರಬರುವ ಬೆಳಕಿನ ಕಂಬ ಸಣ್ಣದಾಗಿ ಕಣ್ಣಿನ ದೋಷ ಅಷ್ಟಾಗಿ ಗೊತ್ತಾಗುವುದಿಲ್ಲ, ಆಗ ಕನ್ನಡಕ ಬೇಡ. ಕಡಿಮೆ ಪಟ್ಟಿನಲ್ಲಿ ಬೇಕೇ ಬೇಕು. 32 ಮಿ.ಮೀ. ಹಾಕಿದೆ. ಪ್ಲೋಸಲ್‌ನಲ್ಲಿ ಫೋಕಲ್ ಲೆಂತ್ ಹೆಚ್ಚಿದಷ್ಟೂ ಕಣ್ಣನ್ನು ದೂರ ಇಟ್ಟು ನೋಡಬಹುದು. ಇದರಲ್ಲಿ ಎರಡು ಸೆಂಟಿಮೀಟರ್ ಜಾಗ ಸಿಗುತ್ತದೆ. ಪಟ್ಟು ಇನ್ನೂ ಕಡಿಮೆಯಾಗಿ ಆಕಾಶ ಬೂದು ಬಣ್ಣಕ್ಕೆ ತಿರುಗಿತು. ಆಗಲಿ.

ಅಮ್ಮ ಕನ್ನಡಕ ಹಾಕಿಕೊಂಡು, ಒಂದು ಕೈಯಿಂದ ಒಗೆಯುವ ಕಲ್ಲಿನ ಅಂಚು ಹಿಡಿದು ಬಗ್ಗಿದರು. ಬೆಳಕು ಬೀಳದಿರಲಿ ಅಂತ ನಾನು ಶಾಲನ್ನು ಅವರ ತಲೆ ಮೇಲೆ ಎಳೆದೆ. ಸ್ವಲ್ಪ ಹೊತ್ತು ಮಾತಿಲ್ಲ. ಶಾಲಿನೊಳಗಿಂದ ಸಣ್ಣ ದನಿಯಲ್ಲಿ ಎಣಿಸುವುದು ಕೇಳಿಸಿತು. ಹದಿನಾಲ್ಕು, ಹದಿನೈದು... ಇಪ್ಪತ್ತಮೂರರ ಹತ್ತಿರ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದರು.

"ಒಂದೇ ಅಂದ್ಕೊಂಡಿದ್ದೆ. ಸಂಸಾರಾನೇ ಇದೆಯಲ್ಲೋ."

ಹತ್ತೂವರೆ ತನಕ ನೋಡಿದರು. ಭೂಮಿ ತಿರುಗಿ ಗುಂಪು ಜಾರಿಹೋದಾಗಲೆಲ್ಲ ಫೈಂಡರ್ ನೋಡಿ ಮತ್ತೆ ತಂದುಕೊಟ್ಟೆ. ನಾನು ಮುಚ್ಚಳ ಹಾಕುತ್ತಿದ್ದರೆ ಅಮ್ಮ ಮೆಟ್ಟಿಲ ಹತ್ತಿರ ನಿಂತು ಹೇಳಿದರು: "ನಾಳೆ ನಿಮ್ಮ ಚಿಕ್ಕಮ್ಮನ್ನ ಕರಿ. ಅವಳದೂ ಪುಷ್ಯಾನೇ."

ಚಿಕ್ಕಮ್ಮನಿಗೆ ದೂರದ್ದು ನೋಡೋಕೆ ಕನ್ನಡಕ ಬೇಡ. 25 ಮಿ.ಮೀ. ಐಪೀಸನ್ನೇ ಮೇಲುಗಡೆ ಇಟ್ಟು ಡಬ್ಬಿ ಮುಚ್ಚಿದೆ.