ಒಂದು ಸಲ ಕೇಳಿ ಸುಮ್ಮನಾದೆ

ಪೊಲೀಸ್ ಕಾನ್‌ಸ್ಟೆಬಲ್ (ಪಿಸಿ) ಆಗಿ ಎರಡನೇ ವರ್ಷ. ರಾತ್ರಿ ಸ್ಟೇಷನ್ ಬಾಗಿಲಲ್ಲಿ ಸೆಂಟ್ರಿ ಡ್ಯೂಟಿ. ಬೈಕ್ ಕಳ್ಳತನದ ಅನುಮಾನದ ಮೇಲೆ ಕ್ರೈಂನವರು ಒಬ್ಬ ಹುಡುಗನನ್ನು ಕರೆತಂದಿದ್ದರು. ಬಾಯಿ ಬಿಡಿಸಲು ಹಿರಿಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಲಾಠಿ ಹಿಡಿದರು. ಅಂಗಾಲಿನ ಏಟಿನ ಸದ್ದು ಬಾಗಿಲಿನವರೆಗೂ ಬರುತ್ತಿತ್ತು. ಒಳಗೆ ಹೋಗಿ "ಸಾರ್, ಸಾಕಲ್ವಾ?" ಅಂದೆ.

"ನಿನ್ನ ಡ್ಯೂಟಿ ಎಲ್ಲಿ? ಹೋಗಿ ನಿಂತ್ಕೋ."

ಹೋಗಿ ನಿಂತೆ. ಬೈಕ್ ಅವನೇ ಕದ್ದಿದ್ದ, ನಿಜ. ಎರಡು ವಾರ ಕುಂಟಿದ, ಅದೂ ನಿಜ.

ನಾನು ಕೇಳಿದೆನಲ್ಲ, ಅಂತ ವರ್ಷಗಟ್ಟಲೆ ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನ ಕಳೆದದ್ದು ಅಮೆರಿಕದ ಮಿನಿಯಾಪೊಲಿಸ್ ಪ್ರಕರಣ ಓದಿದಾಗ. 2020ರ ಮೇ 25ರಂದು ಡೆರೆಕ್ ಶೋವಿನ್ ಎಂಬ ಪೊಲೀಸ್ 9 ನಿಮಿಷ 29 ಸೆಕೆಂಡು ಜಾರ್ಜ್ ಫ್ಲಾಯ್ಡ್ ಎಂಬ ಬಂಧಿತನ ಕುತ್ತಿಗೆ ಮೇಲೆ ಮಂಡಿ ಊರಿದ್ದ. ಫ್ಲಾಯ್ಡ್ ಸತ್ತ. ಶೋವಿನ್‌ಗೆ 19 ವರ್ಷ ಸರ್ವಿಸು. ಫ್ಲಾಯ್ಡ್‌ನ ಕಾಲು ಹಿಡಿದಿದ್ದ ಪೊಲೀಸ್ ಥಾಮಸ್ ಲೇನ್ ಕೆಲಸಕ್ಕೆ ಇಳಿದು ನಾಲ್ಕೇ ದಿನ. ಮಗ್ಗುಲಿಗೆ ಹೊರಳಿಸೋಣವಾ ಅಂತ ಲೇನ್ ಎರಡು ಸಲ ಕೇಳಿದ. ಶೋವಿನ್ ಒಪ್ಪಲಿಲ್ಲ. ಲೇನ್ ಕಾಲು ಬಿಡಲಿಲ್ಲ. ನೆರವು ಕೊಡದ ತಪ್ಪಿಗೆ ಫೆಡರಲ್ ಕೋರ್ಟ್ ಅವನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಜೊತೆಗಿದ್ದ ಇನ್ನಿಬ್ಬರು ಪೊಲೀಸರ ಮೇಲೆ, ತಡೆಯದೆ ನಿಂತ ಆರೋಪವೂ ಸಾಬೀತಾಯಿತು.

ಲೇನ್ ಎರಡು ಸಲ ಕೇಳಿದ್ದ. ನಾನು ಒಂದೇ ಸಲ.

ಎಎಸ್‌ಐ (ಅಸಿಸ್ಟೆಂಟ್ ಸಬ್ ಇನ್ಸ್‌ಪೆಕ್ಟರ್) ಆದ ಮೇಲೆ ಇಂಥದ್ದೇ ಒಂದು ರಾತ್ರಿ ಬಂತು. ಈ ಸಲ ಲಾಠಿ ನನ್ನ ಬ್ಯಾಚ್‌ಮೇಟ್ ಕೈಯಲ್ಲಿ. ಎರಡನೇ ಏಟಿಗೇ ಎದ್ದೆ. ತಡ ಮಾಡಿದರೆ ಹೊಡೆಯುವವನಿಗೆ ಆವೇಶ ಏರುತ್ತದೆ, ಆಮೇಲೆ ಮಾತು ಕಿವಿಗೆ ಬೀಳುವುದಿಲ್ಲ. ಕಾನೂನು ಹೇಳಲಿಲ್ಲ. ಎಲ್ಲರೆದುರು ಬುದ್ಧಿ ಹೇಳಿದರೆ ಹಟ ಜಾಸ್ತಿ ಆಗುತ್ತದೆ. ಮಣಿಕಟ್ಟು ಹಿಡಿದು "ಫೋನ್ ಬಂದಿದೆ, ಬಾರೋ" ಅಂತ ಹೊರಗೆ ಕರೆತಂದೆ. ಫೋನೂ ಇಲ್ಲ, ಏನೂ ಇಲ್ಲ. ಅಷ್ಟರಲ್ಲಿ ಪಿಸಿ ಒಬ್ಬ ಆ ಮನುಷ್ಯನಿಗೆ ನೀರು ಕೊಟ್ಟ.

ಕಷ್ಟದ ಭಾಗ ಆಮೇಲಿನದು. ಏಟು ತಿಂದವನನ್ನು ವೈದ್ಯಕೀಯ ತಪಾಸಣೆಗೆ ಕಳಿಸಿದೆ. ಬಂಧಿತ ಕೇಳಿಕೊಂಡರೆ ಪರೀಕ್ಷಿಸಿ ಮೈಮೇಲಿನ ಗಾಯ ಬರೆದಿಡಬೇಕು, 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಸ್ಟೇಷನ್ ಡೈರಿಯಲ್ಲಿ ಗಂಟೆ ಹಾಕಿ ಬರೆದೆ. "ಬಿದ್ದ ಗಾಯ ಅಂತ ಬರಿ" ಅಂದ ಬ್ಯಾಚ್‌ಮೇಟ್. ಬರೆಯಲಿಲ್ಲ.

ಮೂರು ತಿಂಗಳು ಅವನು ನನ್ನ ಹತ್ತಿರ ಮಾತಾಡಲಿಲ್ಲ. ನಾನು ಬಂದರೆ ಟೀ ಲೋಟ ಎತ್ತಿಕೊಂಡು ಎದ್ದು ಹೋಗುತ್ತಿದ್ದ.